ಹೊಲದಲ್ಲೊಂದು ಗುಂಡುತಡೆಯ ಗಾಡಿ

ನಮ್ಮ ಮನೆಗೆ ಬಂದೂಕು ಬಂದ ದಿನ ನಮ್ಮ ಮನೆಯವರು ರಾತ್ರಿಯ ಊಟ ಮಾಡಲಿಲ್ಲ. ಅದು ಪ್ರಾಣ ತೆಗೆಯುವ ಬಂದೂಕಲ್ಲ, ಗಾಳಿಯ ಒತ್ತಡದಿಂದ ಅರ್ಧ ಗ್ರಾಂ ತೂಕದ ಸೀಸದ ಗುಂಡನ್ನು ಹಾರಿಸುವ ಏರ್ ರೈಫಲ್, ಆಟದ ಸಾಮಾನು ಎಂದು ನಾನು ಎಷ್ಟು ಬಗೆಯಲ್ಲಿ ತಿಳಿಸಿ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. "ಬೆಳಗ್ಗೆ ಎದ್ದು ಲಿಂಗಪೂಜೆ ಮಾಡಿಕೊಳ್ಳುವ ಮನೆಯಲ್ಲಿ ಕೋವಿ ಇಡುವುದು ಯಾವ ಸಂಪ್ರದಾಯ? ಮೊಮ್ಮಗಳು ಕೇಳಿದಳೆಂದು ನೀವು ಕುಣಿಯುತ್ತೀರಿ" ಎಂದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ ಆ ಪ್ರಶ್ನೆಗೆ ತಕ್ಕ ಉತ್ತರ ಅಂದು ಹೊಳೆಯಲಿಲ್ಲ. ಆದರೆ ಅವರ ಭಯ ಬೇರೊಂದು ರೀತಿಯಲ್ಲಿ ನಿಜವಾಗುವುದಿತ್ತು. ಆ ಕಥೆಯನ್ನೂ, ಅದರಿಂದ ನಾವು ಕಟ್ಟಿಕೊಂಡ ಒಂದು ಗಾಡಿಯ ಕಥೆಯನ್ನೂ ಓದುಗ ಬಂಧುಗಳ ಮುಂದಿಡಬೇಕೆಂದು ಲೇಖನಿ ಹಿಡಿದಿದ್ದೇನೆ. ಈಗ ಅನೇಕ ಮನೆಗಳ ಮಕ್ಕಳು ಎನ್.ಸಿ.ಸಿ. ಸೇರಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಾರೆ. ಹಳ್ಳಿಯ ಮನೆಗಳಲ್ಲಿ ಇದು ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಮ್ಮ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿದೆ. ಎರಡೂವರೆ ಎಕರೆ ಹಿಪ್ಪುನೇರಳೆ, ಒಂದು ರೇಷ್ಮೆ ಹುಳು ಸಾಕುವ ಮನೆ, ಉಳಿದದ್ದು ರಾಗಿ ಮತ್ತು ಒಂದಿಷ್ಟು ಟೊಮೆಟೊ. ಹೊಲದ ತುಂಬ ಕಲ್ಲು. ಬದುವಿಗೆ ಕಲ್ಲು, ಬೇಲಿಗೆ ಸೀಳಿದ ಕಲ್ಲುಕಂಬ, ಮೋಟಾರು ಮನೆಯ ಗೋಡೆಗೆ ಚಪ್ಪಡಿ. ನಂದಿಬೆಟ್ಟದಿಂದ ಅಂಬಾಜಿದುರ್ಗದವರೆಗೆ ನಮ್ಮ ಸೀಮೆಯೇ ಬಂಡೆಗಳ ಸೀಮೆ. ಈ ಕಲ್ಲೇ ನಮಗೆ ಪಾಠ ಕಲಿಸಿತು.

ಮೊಮ್ಮಗಳು ಚಿಕ್ಕಬಳ್ಳಾಪುರದಲ್ಲಿ ಪಿ.ಯು.ಸಿ. ಓದುವಾಗ ಎನ್.ಸಿ.ಸಿ. ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲಿನಿಂದ ಗುರಿ ಹೊಡೆದು ಬಹುಮಾನ ಪಡೆದಳು. ಅಲ್ಲಿಂದ ಹುಚ್ಚು ಹಿಡಿಯಿತು. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದದ್ದನ್ನು ಅವಳು ದೂರದರ್ಶನದಲ್ಲಿ ಕಾಣುವಷ್ಟು ದೊಡ್ಡವಳಾಗಿರಲಿಲ್ಲ. ಆದರೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚು ತಂದಾಗ ಅವಳು ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಇದೇ ಆಟದಲ್ಲಿ ದೇಶಕ್ಕೆ ಒಲಿಂಪಿಕ್ ಕೋಟಾ ತಂದ ಸುದ್ದಿಯನ್ನು ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಕೊಂಡಿದ್ದಳು. ಈ ಆಟದ ಗುರಿಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರು, ಅಂದರೆ ನಮ್ಮ ರಾಗಿಯ ಕಾಳಿಗಿಂತಲೂ ಚಿಕ್ಕದು. ಹತ್ತು ಮೀಟರ್ ದೂರದಿಂದ ನಿಂತುಕೊಂಡು ಅದನ್ನು ಅರುವತ್ತು ಬಾರಿ ಹೊಡೆಯಬೇಕು. ಇದು ತೋಳಿನ ಬಲದ ಕೆಲಸವಲ್ಲ, ಉಸಿರಿನ ಹಿಡಿತದ ಕೆಲಸ. ಬಿಂದ್ರಾ ಅವರಿಗೆ ಮನೆಯಲ್ಲಿಯೇ ಅಭ್ಯಾಸದ ಅಂಕಣವಿತ್ತು. ನಮ್ಮ ಹುಡುಗಿಗೆ ಇದ್ದದ್ದು ತಾತನ ಹೊಲ.

ಕಾನೂನನ್ನು ಮೊದಲು ನೋಡಿಕೊಂಡೆ. 2016ರ ಆಯುಧ ನಿಯಮಗಳ ಪ್ರಕಾರ ನಾಲ್ಕೂವರೆ ಮಿಲಿಮೀಟರ್ ನಳಿಕೆಯ, ಇಪ್ಪತ್ತು ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಪಂದ್ಯದ ರೈಫಲಿನ ಶಕ್ತಿ ಅದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ತಿಳಿದ ಮೇಲೆ ನಾನು ನಿಶ್ಚಿಂತನಾದೆ. ಮಾಡಿದ ತಪ್ಪು ಇಲ್ಲಿಯೇ. ಕಾನೂನು ಅನುಮತಿಸಿದ ಮಾತ್ರಕ್ಕೆ ಗುಂಡು ಸಾಧುವಾಗುವುದಿಲ್ಲವೆಂಬುದು ವಿಜ್ಞಾನದ ಮೇಷ್ಟರಿಗೆ ತಿಳಿಯಬೇಕಾಗಿತ್ತು.

ಬೇಲಿಯ ಪಕ್ಕದಲ್ಲಿ ಎರಡು ಗೂಟ ನೆಟ್ಟು ಮಾವಿನ ಹಲಗೆಯೊಂದನ್ನು ನಿಲ್ಲಿಸಿ, ಅದಕ್ಕೆ ಗುರಿಯ ಕಾಗದ ಅಂಟಿಸಿದೆವು. ಒಂದು ವಾರ ಎಲ್ಲವೂ ಸರಿಯಾಗಿ ನಡೆಯಿತು. ಎಂಟನೆಯ ದಿನ ಅವಳ ಕೈ ಗುಂಡು ತುಂಬುವಾಗಲೇ ಕೊಂಚ ಜಾರಿತು. ಗುಂಡು ಹಲಗೆಯನ್ನು ಬಿಟ್ಟು ಪಕ್ಕದ ಕಲ್ಲುಕಂಬದ ಅಂಚಿಗೆ ಸವರಿಕೊಂಡು ಹೋಯಿತು. ಕೆರೆಯ ನೀರಿನ ಮೇಲೆ ಚಪ್ಪಟೆಯಾದ ಬಿಲ್ಲೆಕಲ್ಲನ್ನು ಎಸೆದರೆ ಅದು ಮುಳುಗದೆ ಜಿಗಿಜಿಗಿದು ಹೋಗುವುದಿಲ್ಲವೇ, ಹಾಗೆ. ನೆಟ್ಟಗೆ ಕಲ್ಲಿಗೆ ಬಡಿದ ಸೀಸ ಅಪ್ಪಚ್ಚಿಯಾಗಿ ಬಲ ಕಳೆದುಕೊಳ್ಳುತ್ತದೆ. ಓರೆಯಾಗಿ ಸವರಿದ ಸೀಸ ದಿಕ್ಕನ್ನು ಮಾತ್ರ ಬದಲಿಸುತ್ತದೆ, ವೇಗವನ್ನು ಅಷ್ಟಾಗಿ ಬಿಡುವುದಿಲ್ಲ. ಆ ಗುಂಡು ಇಪ್ಪತ್ತು ಮಾರು ಆಚೆ ಸೊಪ್ಪು ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳ ಕೆನ್ನೆಗೆ ತಾಕಿತು. ಕಣ್ಣಿಗಿಂತ ಒಂದು ಬೆರಳು ಕೆಳಗೆ.

ರಕ್ತ ಹೆಚ್ಚು ಬರಲಿಲ್ಲ. ಕೆನ್ನೆ ಊದಿಕೊಂಡಿತು, ಒಳಗೆ ಗುಂಡು ಸೇರಿರಲಿಲ್ಲ. ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಹಿಂದಿರುಗುವಾಗ ನಾನು ಜೇಬಿನಿಂದ ಹಣ ತೆಗೆದೆ. ಅವಳು ಅದನ್ನು ನೋಡಿ, "ಮೇಷ್ಟ್ರೇ, ಕಣ್ಣಿಗೆ ಬಿದ್ದಿದ್ರೆ ನಾನೇನ್ ಮಾಡ್ಬೇಕಾಗಿತ್ತು? ಸೊಪ್ಪು ಕೊಯ್ಯೋಕೂ ಹುಳ ನೋಡೋಕೂ ಕಣ್ಣೇ ತಾನೆ ಬೇಕು?" ಎಂದಳು. ಹಣ ತೆಗೆದುಕೊಳ್ಳಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ ಆ ಒಂದು ಪ್ರಶ್ನೆಯ ಮುಂದೆ ತಲೆಯೆತ್ತಲಾಗಲಿಲ್ಲ.

ಆ ರಾತ್ರಿ ನನಗೆ ತಾಯಿಯವರ ನೆನಪಾಯಿತು. ಅವರ ತವರು ಗೌರಿಬಿದನೂರಿನ ಕಡೆ, ವಿದುರಾಶ್ವತ್ಥದ ಸಮೀಪದ ಹಳ್ಳಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗೋಲೀಬಾರು ಮಾಡಿದಾಗ ಅವರಿಗೆ ಎಂಟು ವರ್ಷ. ಇಂದು ಅಲ್ಲಿ ಹುತಾತ್ಮರ ಸ್ಮಾರಕವೂ ವೀರಸೌಧವೂ ಇವೆ. ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನಾನು ಇತಿಹಾಸ ಹೇಳುತ್ತಿದ್ದೆ. ತಾಯಿಯವರು ಇತಿಹಾಸ ಹೇಳುತ್ತಿರಲಿಲ್ಲ. "ಹೊಡೆದವನಿಗೆ ಕಣ್ಣಿತ್ತು ಕಣಪ್ಪ, ಗುಂಡಿಗೆ ಇರಲಿಲ್ಲ" ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅವರ ಮಗನ ಹೊಲದಲ್ಲಿಯೇ ಕಣ್ಣಿಲ್ಲದ ಗುಂಡೊಂದು ಬಡವಳ ಕಣ್ಣನ್ನು ಹುಡುಕಿಕೊಂಡು ಹೋಗಿತ್ತು. ರೈಫಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟೆ. ಮೊಮ್ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಒಂದು ತಿಂಗಳ ಮೇಲೆ ನಮ್ಮ ಊರಿನ ನಿವೃತ್ತ ಸುಬೇದಾರರೊಬ್ಬರು ವಿಷಯ ತಿಳಿದು ಮನೆಗೆ ಬಂದರು. ಸೈನ್ಯದಲ್ಲಿ ಗುಂಡು ಹಾರಿಸುವ ಬಯಲಿನ ಕೊನೆಯಲ್ಲಿ ಗುಂಡುಗಳನ್ನು ನುಂಗಿಕೊಳ್ಳುವ ಮಣ್ಣಿನ ದಿಬ್ಬಕ್ಕೆ ಸ್ಟಾಪ್‌ಬಟ್ ಎನ್ನುತ್ತಾರಂತೆ. "ಮೇಷ್ಟ್ರೇ, ನೀವು ಗುರಿ ಕಟ್ಟಿದಿರಿ, ಬಟ್ ಕಟ್ಟಲಿಲ್ಲ. ಗುರಿ ಇಲ್ಲದಿದ್ದರೂ ನಡೆಯುತ್ತದೆ, ಬಟ್ ಇಲ್ಲದಿದ್ದರೆ ನಡೆಯುವುದಿಲ್ಲ" ಎಂದರು. ಕೆರೆಯ ಏರಿಯನ್ನೇ ತಡೆಯಾಗಿ ಬಳಸೋಣವೇ ಎಂದೆ. ಏರಿಯ ಮೇಲೆ ದಿನಕ್ಕೆ ಎಷ್ಟು ಜನ, ಎಷ್ಟು ಕುರಿ ಓಡಾಡುತ್ತವೆ ಎಂದು ಎಣಿಸಿದ್ದೀರಾ ಎಂದು ಕೇಳಿದರು. ಒಂದೆಡೆ ಶಾಶ್ವತವಾಗಿ ಮಣ್ಣಿನ ದಿಬ್ಬ ಹಾಕೋಣವೆಂದರೆ ನಮ್ಮ ಬೇಸಾಯಕ್ಕೆ ಅದು ಒಗ್ಗದು. ಹಿಪ್ಪುನೇರಳೆಯ ತೋಟವನ್ನು ಪಾತಿಪಾತಿಯಾಗಿ ಸರದಿಯಲ್ಲಿ ಕೊಯ್ಯುವುದರಿಂದ ಆಳುಗಳು ಈ ವಾರ ಮೂಡಣಕ್ಕಿದ್ದರೆ ಮುಂದಿನ ವಾರ ಪಡುವಣಕ್ಕಿರುತ್ತಾರೆ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯಬಾರದು, ಸಂಜೆಯದೂ ಹೊಡೆಯಬಾರದು. ಆದ್ದರಿಂದ ತಡೆಯೇ ಚಲಿಸಬೇಕು. ಜನರಿಲ್ಲದ ಕಡೆಗೆ ಬೆನ್ನು ಮಾಡಿ ನಿಲ್ಲುವಂಥದ್ದಾಗಬೇಕು.

ಕೊಟ್ಟಿಗೆಯಲ್ಲಿ ಎತ್ತುಗಳು ಹೋದ ಮೇಲೆ ಅನಾಥವಾಗಿ ನಿಂತಿದ್ದ ಎರಡು ಚಕ್ರದ ಟೈರುಗಾಡಿ ಇತ್ತು. ಅದನ್ನೇ ಹಿಡಿದುಕೊಂಡೆವು.

ಮೊದಲು ಯೋಚಿಸಿದ್ದು ಹಳೆಯ ಟ್ರಾಕ್ಟರ್ ಟೈರುಗಳನ್ನು ಒಟ್ಟುವುದು. ಸುಬೇದಾರರು ಕೈಮುಗಿದು ಬೇಡವೆಂದರು. ರಬ್ಬರು ಗುಂಡನ್ನು ನುಂಗುವುದಿಲ್ಲ, ಚೆಂಡಿನಂತೆ ಹೊಡೆದವನ ಕಡೆಗೇ ಹಿಂದಕ್ಕೆ ಎಸೆಯುತ್ತದೆ. ಆಮೇಲೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಒಂದಡಿ ದಪ್ಪದ ಮರದ ಪೆಟ್ಟಿಗೆ ಮಾಡಿಸಿ ಜರಡಿ ಹಿಡಿದ ಮರಳು ತುಂಬಿದೆವು. ನಾನು ಲೆಕ್ಕದ ಮೇಷ್ಟರಲ್ಲದಿದ್ದರೂ ಲೆಕ್ಕ ಹಾಕಬೇಕಿತ್ತು. ಹದಿನಾರು ಘನ ಅಡಿ ಮರಳೆಂದರೆ ಏಳುನೂರು ಕಿಲೋಗ್ರಾಂಗೂ ಹೆಚ್ಚು! ಅಷ್ಟೂ ಭಾರ ಗಾಡಿಯ ಮೇಲ್ಭಾಗದಲ್ಲಿ. ಮೊದಲ ದಿನ ನೀರಿನ ಕಾಲುವೆ ದಾಟುವಾಗ ಚಕ್ರ ಇಳಿದು ಗಾಡಿ ಮಗ್ಗುಲಾಯಿತು. ಪುಣ್ಯವಶಾತ್ ಯಾರೂ ಅಡಿಗೆ ಸಿಕ್ಕಲಿಲ್ಲ. ಗುಂಡಿನಿಂದ ಜನರನ್ನು ಕಾಪಾಡಲು ಹೋಗಿ ಗಾಡಿಯಿಂದ ಕೊಲ್ಲುವವನಾಗಿದ್ದೆ. ನಮ್ಮ ಮನೆಯವರು ಅಂದು ಏನೂ ಹೇಳಲಿಲ್ಲ, ನಕ್ಕರು ಅಷ್ಟೆ.

ಮೂರನೆಯ ಪ್ರಯತ್ನ ನಿಂತಿತು. ಅದರ ತತ್ತ್ವ ಬೇರೆ: ಗುಂಡನ್ನು ಎದುರಿಸಿ ನಿಲ್ಲಿಸುವುದಲ್ಲ, ಕೆಳಕ್ಕೆ ತಿರುಗಿಸಿ ಸುಸ್ತು ಮಾಡುವುದು. ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡನ್ನು ನಾಲ್ಕಡಿ ಅಗಲಕ್ಕೆ ಕತ್ತರಿಸಿ, ನಲವತ್ತೈದು ಡಿಗ್ರಿ ಓರೆಯಾಗಿ ಗಾಡಿಯ ಮೇಲೆ ನಿಲ್ಲಿಸಿದೆವು. ಅದರ ಮೇಲಂಚು ಹೊಡೆಯುವವರ ಕಡೆಗೆ ಬಾಗಿರುತ್ತದೆ, ಕೆಳಗಿನ ಅಂಚು ನಾಲ್ಕಡಿ ಹಿಂದಕ್ಕಿರುತ್ತದೆ. ಬಂದ ಗುಂಡು ಆ ಇಳಿಜಾರಿಗೆ ಬಡಿದು ಚಪ್ಪಟೆಯಾಗಿ ಕೆಳಗಿನ ಮರಳಿನ ತಟ್ಟೆಗೆ ಬೀಳುತ್ತದೆ. ತಗಡಿನ ತೂಕ ಐವತ್ತು ಕಿಲೋಗ್ರಾಂ, ತಟ್ಟೆಗೆ ನಾಲ್ಕೈದು ಮಂಕರಿ ಮರಳು. ಇಬ್ಬರು ನೂಕಿದರೆ ಗಾಡಿ ಉರುಳುತ್ತದೆ. ಎರಡು ಪಕ್ಕಕ್ಕೂ ಒಂದಂಗುಲ ದಪ್ಪದ ಹಲಗೆ. ಮುಂಭಾಗಕ್ಕೆ ಎರಡು ಪದರ ಗೋಣಿಯ ಪರದೆ, ಸಿಡಿದ ಸೀಸದ ಚೂರುಗಳು ಹಿಂದಿರುಗದಂತೆ. ಗೋಣಿಯ ಮುಂದೆ ಎರಡು ಬಿದಿರಿನ ದಬ್ಬೆಗಳ ನಡುವೆ ಗುರಿಯ ಕಾಗದ. ಗಾಡಿಯ ಹಾಸು ನೆಲದಿಂದ ಎರಡೂವರೆ ಅಡಿಯಿದ್ದುದರಿಂದ ಗುರಿಯ ನಡುಭಾಗ ತಾನಾಗಿಯೇ ಸುಮಾರು ಒಂದು ಮೀಟರ್ ನಲವತ್ತು ಸೆಂಟಿಮೀಟರ್ ಎತ್ತರಕ್ಕೆ ಬಂತು. ಪಂದ್ಯದಲ್ಲಿಯೂ ಅಷ್ಟೇ ಎತ್ತರ. ನಮ್ಮ ಹಿರಿಯರ ಗಾಡಿ ಯಾವ ಶಾಸ್ತ್ರದಿಂದ ಒಲಿಂಪಿಕ್ ಅಳತೆಗೆ ಸರಿಹೋಯಿತೋ ನಾನರಿಯೆ.

ಸುಬೇದಾರರು ಅಷ್ಟಕ್ಕೆ ಒಪ್ಪಲಿಲ್ಲ. ಗಾಡಿಯ ಅಚ್ಚು, ಚಕ್ರದ ಕಬ್ಬಿಣ, ಮೂಕಿ ಇವೆಲ್ಲ ಗಟ್ಟಿಯಾದವು, ಹೊಡೆಯುವವರಿಗೆ ಕಾಣುವ ಪ್ರತಿಯೊಂದು ಗಟ್ಟಿ ವಸ್ತುವೂ ಒಂದೊಂದು ಕಲ್ಲುಕಂಬವೇ ಎಂದು ಎಚ್ಚರಿಸಿದರು. ಮೂಕಿಯನ್ನು ಹಿಂದಕ್ಕೆ ಮಾಡಿ ಊರುಗೋಲು ಕೊಟ್ಟು ನಿಲ್ಲಿಸಿದೆವು. ಕೆಳಗೆ ಅಚ್ಚು ಚಕ್ರಗಳಿಗೆ ಮರೆಯಾಗಿ ಕಲ್ಲಿಲ್ಲದ ಮಣ್ಣು ತುಂಬಿದ ಗೋಣಿಚೀಲಗಳನ್ನು ತೂಗುಹಾಕಿದೆವು. ಚಕ್ರಕ್ಕೆ ಅಡ್ಡವಾಗಿ ಕಲ್ಲಿಡುವ ಹಳೆಯ ಅಭ್ಯಾಸವನ್ನು ಬಿಟ್ಟು ಮರದ ತುಂಡು ಇಟ್ಟೆವು.

ಪರೀಕ್ಷೆಯನ್ನು ನಾನು ಮೇಷ್ಟರ ರೀತಿಯಲ್ಲಿ ಮಾಡಿದೆ. ಗಾಡಿಯ ಎಡಬಲಗಳಲ್ಲಿಯೂ ಹೊಡೆಯುವ ಜಾಗದ ಸುತ್ತಲೂ ಹಗ್ಗ ಕಟ್ಟಿ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಬಟ್ಟೆ ಒಣಹಾಕಿದಂತೆ ತೂಗುಹಾಕಿ, ಎಲ್ಲರನ್ನೂ ದೂರ ಕಳಿಸಿ, ಸುಬೇದಾರರೊಬ್ಬರೇ ಕನ್ನಡಕ ಹಾಕಿಕೊಂಡು ಐವತ್ತು ಗುಂಡು ಹಾರಿಸಿದರು. ಬಳಿಕ ಹಾಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದೆವು. ಎಡಗಡೆಯ ಹಾಳೆಯಲ್ಲಿ ಸಾಸಿವೆಯಷ್ಟು ಎರಡು ತೂತು! ಹುಡುಕಿದಾಗ ತಗಡನ್ನು ಬಿಗಿದಿದ್ದ ಬೋಲ್ಟಿನ ತಲೆಯೊಂದು ಮುಂದಕ್ಕೆ ಚಾಚಿಕೊಂಡಿತ್ತು. ಗುಂಡು ಅದಕ್ಕೆ ತಾಕಿ ಚೂರು ಪಕ್ಕದ ಹಲಗೆಗಳ ಸಂದಿನಿಂದ ಹಾರಿತ್ತು. ಬೋಲ್ಟುಗಳನ್ನು ಕಿತ್ತು ಹಿಂದಿನಿಂದ ಬೆಸುಗೆ ಹಾಕಿಸಿದೆವು, ಸಂದಿಗೆ ಪಟ್ಟಿ ಹೊಡೆದೆವು. ಎರಡನೆಯ ಐವತ್ತರಲ್ಲಿ ಒಂದೂ ತೂತಿರಲಿಲ್ಲ. ಮೂರನೆಯ ಐವತ್ತರಲ್ಲಿಯೂ ಇರಲಿಲ್ಲ.

ಆದರೂ ನನ್ನ ಮನಸ್ಸಿಗೆ ಆ ಎಂಟನೆಯ ದಿನ ಹೋಗಲೊಲ್ಲದು. ಅಂದು ಗುಂಡು ತಪ್ಪಿದ್ದು ಗುರಿಯಿಟ್ಟಾಗ ಅಲ್ಲ, ತುಂಬುವಾಗ. ಗಾಡಿ ನಾಲ್ಕಡಿ ಅಗಲ ಮಾತ್ರ, ಸುತ್ತಲಿನ ಆಕಾಶ ಎಷ್ಟೋ ಅಗಲ. ಈ ರೈಫಲಿನ ಗುಂಡು ಮೇಲಕ್ಕೆ ಹಾರಿದರೆ ಇನ್ನೂರು ಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಆಗ ಸಮರೂಪ ತ್ರಿಭುಜಗಳ ಪಾಠ ನೆರವಿಗೆ ಬಂತು. ಹೊಡೆಯುವವಳ ಕಣ್ಣಿನಿಂದ ಎರಡು ಮೀಟರ್ ಮುಂದೆ ಹಲಗೆಯ ಗೋಡೆಯೊಂದನ್ನಿಟ್ಟು ಅದರಲ್ಲಿ ಒಂದು ಕಿಂಡಿ ಕೊರೆದರೆ, ಹತ್ತು ಮೀಟರಿನಲ್ಲಿ ಆ ಕಿಂಡಿಯ ಅಳತೆ ಐದರಷ್ಟಾಗುತ್ತದೆ. ಗಾಡಿಯ ಅಗಲ ನೂರಿಪ್ಪತ್ತು ಸೆಂಟಿಮೀಟರು. ಆದ್ದರಿಂದ ಕಿಂಡಿ ಇಪ್ಪತ್ತನಾಲ್ಕಕ್ಕಿಂತ ಕಡಿಮೆಯಿರಬೇಕು. ಇಪ್ಪತ್ತಕ್ಕೆ ಕೊರೆಸಿದೆ. ನಿಗದಿಯಾದ ಜಾಗದಲ್ಲಿ ನಿಂತು ಆ ಕಿಂಡಿಯ ಮೂಲಕ ಹೋದ ಗುಂಡು ಗಾಡಿಯಲ್ಲದೆ ಬೇರೆಡೆಗೆ ಹೋಗಲಾರದು. ಕಿಂಡಿಗೆ ಹೋಗದ ಗುಂಡು ಗೋಣಿ ಹೊದಿಸಿದ ಹಲಗೆಯಲ್ಲಿ ನಿಲ್ಲುತ್ತದೆ. ನಿಲ್ಲುವ ಜಾಗಕ್ಕೆ ಎರಡು ಪಾದಗಳ ಗುರುತು ಮಾಡಿದ ಮಣೆ ಹಾಕಿದೆವು. ಮಣೆಯಿಂದ ಇಳಿದ ಮೇಲೆ ಕೈಯಲ್ಲಿ ರೈಫಲ್ ಇರಕೂಡದು. ಅಲ್ಲಿರುವವರೆಲ್ಲ ಕನ್ನಡಕ ಧರಿಸಬೇಕು, ನಾನೂ ಸೇರಿ. ಗಾಡಿಯ ಬೆನ್ನಿಗೆ ಯಾವಾಗಲೂ ಮಣ್ಣಿನ ಬದು ಇರಬೇಕು, ಬದುವಿನಾಚೆ ಖಾಲಿ ಹೊಲವಿರಬೇಕು.

ಈ ಗಾಡಿ ಏರ್ ರೈಫಲಿಗೆ ಮಾತ್ರ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಇದರಿಂದ ನಮ್ಮ ನೆಂಟಸ್ತನವೊಂದು ಕೆಟ್ಟಿತು. ಚಿಂತಾಮಣಿಯ ಕಡೆ ಮಾವಿನ ತೋಟವಿರುವ ನನ್ನ ಷಡ್ಡಕರಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯಿದೆ. ಹಂದಿಗಳ ಕಾಟ ಅವರಿಗೆ ಬಹಳ. ಗಾಡಿಯನ್ನು ನೋಡಿ ಸಂತೋಷಪಟ್ಟು, "ಭಾವ, ನನ್ನ ಕೋವಿಯನ್ನೂ ಇದಕ್ಕೊಂದು ಸಲ ಹೊಡೆದು ನೋಡೋಣ" ಎಂದರು. ಆಗದೆಂದೆ. ಪಾಯಿಂಟ್ ಟೂ ಟೂ ಗುಂಡೇ ಒಂದು ಮೈಲಿಗೂ ಮೀರಿ ಹೋಗುತ್ತದೆ. ಅಂಥ ಕೋವಿಗಳ ಅಭ್ಯಾಸಕ್ಕೆ ಸರ್ಕಾರ ಅನುಮತಿಸಿದ ಅಂಕಣವೇ ಬೇಕು. ಹೊಲದ ಗಾಡಿಯನ್ನು ಅದರ ಮುಂದೆ ನಿಲ್ಲಿಸುವುದು ಆತ್ಮವಂಚನೆ. ಹಂದಿಗೋ ನವಿಲಿಗೋ ಏರ್ ರೈಫಲ್ ಹಿಡಿಯೋಣವೆಂಬ ಇನ್ನೊಂದು ಸಲಹೆಯೂ ಬಂತು. 1972ರ ವನ್ಯಜೀವಿ ಕಾಯಿದೆ ಇರಲಿ, ನಮ್ಮ ಮನೆಯಲ್ಲಿ ಆ ಮಾತಿಗೇ ಸ್ಥಳವಿಲ್ಲ. ಷಡ್ಡಕರು ಆರು ತಿಂಗಳು ನಮ್ಮ ಹೊಸಿಲು ತುಳಿಯಲಿಲ್ಲ. ಯುಗಾದಿಗೆ ಬಂದು ಹೋಳಿಗೆ ಉಂಡು ಹೋದರು, ಕೋವಿಯ ವಿಷಯ ಎತ್ತಲಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರಲ್ಲ ಎಂದು ವಾದಿಸುವವರಿದ್ದಾರೆ. ಅಲ್ಲಿ ಅದು ತಲೆಮಾರುಗಳಿಂದ ಬಂದ ಶಿಸ್ತು. ನಮ್ಮಲ್ಲಿ ಎಂಟು ದಿನದ ಹುರುಪು ಏನು ಮಾಡಿತೆಂಬುದನ್ನು ಮೇಲೆ ಬರೆದಿದ್ದೇನೆ.

ಸೀಸದ ವಿಷಯವೂ ಇದೆ. ದಿನಕ್ಕೆ ಅರುವತ್ತು ಗುಂಡೆಂದರೆ ಮೂವತ್ತು ಗ್ರಾಂ, ನೂರು ದಿನಕ್ಕೆ ಮೂರು ಕಿಲೋಗ್ರಾಂ ಸೀಸ. ಅದು ವಿಷ. ಸೊಪ್ಪಿನ ತೋಟದ ಮಣ್ಣಿಗೆ ಸೇರಬಾರದು. ರೇಷ್ಮೆ ಹುಳುವಿನಷ್ಟು ನಾಜೂಕಿನ ಜೀವವನ್ನು ಸಾಕುವವರಿಗೆ ಸೊಪ್ಪಿನ ಶುದ್ಧಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ತಟ್ಟೆಯ ಮರಳನ್ನು ತಿಂಗಳಿಗೊಮ್ಮೆ ನೀರು ಚಿಮುಕಿಸಿ, ಧೂಳೇಳದಂತೆ ಜರಡಿ ಹಿಡಿದು, ಸೀಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡುತ್ತೇನೆ. ಈ ಕೆಲಸವನ್ನು ಮಕ್ಕಳಿಗೆ ಕೊಡುವುದಿಲ್ಲ. ಅಭ್ಯಾಸ ಮುಗಿಸಿ ಬಂದವಳು ಸೋಪು ಹಚ್ಚಿ ಕೈಕಾಲು ತೊಳೆಯದೆ ಅಡುಗೆಮನೆಗಾಗಲಿ ಪೂಜೆಯ ಕೋಣೆಗಾಗಲಿ ಕಾಲಿಡಬಾರದೆಂದು ನಮ್ಮ ಮನೆಯವರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು. ಅವರು ಮಡಿಗೆಂದು ಹೇಳಿದ್ದು, ವೈದ್ಯರೂ ಅದನ್ನೇ ಹೇಳಿದರು.

ಪೆಟ್ಟಿಗೆಯ ಕೀಲಿಯನ್ನು ಅವರು ಹಿಂದಕ್ಕೆ ಕೊಟ್ಟದ್ದು ಗಾಡಿಯನ್ನು ಕಂಡಲ್ಲ. ಸೊಪ್ಪು ಕೊಯ್ಯುವ ಆ ಹೆಣ್ಣುಮಗಳು ಒಪ್ಪಿದ ಮೇಲೆ. ಮೊಮ್ಮಗಳೇ ಅವಳ ಮನೆಗೆ ಹೋಗಿ, "ಅಕ್ಕ, ಬಂದು ನೋಡು, ನೀನು ಬೇಡ ಅಂದ್ರೆ ಬಿಟ್ಬಿಡ್ತೀನಿ" ಎಂದು ಕರೆತಂದಳು. ಅವಳು ಗಾಡಿಯ ಸುತ್ತ ಎರಡು ಬಾರಿ ಸುತ್ತಿ ಬಂದಳು, ಗೋಣಿಯನ್ನೆತ್ತಿ ತಗಡನ್ನು ಮುಟ್ಟಿ ನೋಡಿದಳು, ಮಣೆಯ ಮೇಲೆ ತಾನೇ ನಿಂತು ಕಿಂಡಿಯಲ್ಲಿ ಇಣುಕಿದಳು. "ಆಳುಗಳು ಎಲ್ಲೆಲ್ಲವ್ರೆ ಅಂತ ನಿಮಗೆ ಹೆಂಗೆ ಗೊತ್ತಾಗ್ತದೆ?" ಎಂದು ಕೇಳಿದಳು. ಅಷ್ಟು ಲೆಕ್ಕ ಹಾಕಿದ ನನಗಾಗಲಿ, ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಕಳೆದ ಸುಬೇದಾರರಿಗಾಗಲಿ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗುಂಡು ಹಾರಿಸುವಾಗ ಕೆಂಪು ಬಾವುಟ ಏರಿಸುವ ಕ್ರಮ ಅನೇಕ ಅಂಕಣಗಳಲ್ಲಿ ಇದೆ. ನಮ್ಮ ಹೊಲದಲ್ಲಿ ಆ ಬಾವುಟವನ್ನು ಅವಳ ಕೈಗೆ ಕೊಟ್ಟೆವು. ಅಂದು ತೋಟದಲ್ಲಿ ಯಾರು ಯಾವ ಪಾತಿಯಲ್ಲಿದ್ದಾರೆಂದು ಬಲ್ಲವಳು ಅವಳೇ. ಎಲ್ಲರನ್ನೂ ಎಣಿಸಿ, ಗಾಡಿಯ ಬೆನ್ನ ಕಡೆ ಯಾರೂ ಇಲ್ಲವೆಂದು ಕಂಡುಕೊಂಡು ಅವಳು ಬಾವುಟ ಏರಿಸಿದರೆ ರೈಫಲ್ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಅವಳು ಇಳಿಸಿದರೆ ಅಲ್ಲಿಗೆ ಮುಗಿಯಿತು, ಐವತ್ತೊಂಬತ್ತು ಗುಂಡಾಗಿದ್ದರೂ ಅರುವತ್ತನೆಯದು ಇಲ್ಲ.

ಕಳೆದ ಭಾನುವಾರ ಮೊಮ್ಮಗಳು ಬೆಳಗ್ಗೆಯೇ ಕನ್ನಡಕ ಹಾಕಿಕೊಂಡು ಸಿದ್ಧಳಾಗಿದ್ದಳು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಪಂದ್ಯವಿದೆ. ಹುಳುಗಳು ನಾಲ್ಕನೆಯ ಜ್ವರದಿಂದೆದ್ದು ಎರಡು ದಿನವಾಗಿತ್ತು. ಆ ವಾರ ಅವು ತಿನ್ನುವ ಸೊಪ್ಪಿಗೆ ಮಿತಿಯಿಲ್ಲ, ತೋಟದ ನಾಲ್ಕು ಮೂಲೆಗಳಲ್ಲಿಯೂ ಆಳುಗಳಿದ್ದರು. ಹುಡುಗಿ ತೋಟಕ್ಕೆ ಓಡಿಹೋಗಿ ಕೇಳಿ ಬಂದಳು. "ಏನಂದಳು?" ಎಂದೆ. "ಇವತ್ತು ಆಗಲ್ವಂತೆ ತಾತ, ಬುಧವಾರ ಬಾ ಅಂದಳು" ಎಂದು ಕನ್ನಡಕ ತೆಗೆದಿಟ್ಟು, ಮಂಕರಿ ಎತ್ತಿಕೊಂಡು ತಾನೂ ಸೊಪ್ಪು ಕೊಯ್ಯಲು ಹೋದಳು.